ಬರೋಲೊ ಮತ್ತು ಶೇಂಗಾ ಚಟ್ನಿಪುಡಿ

ವೈನ್ ರುಚಿ ನೋಡೋಕೆ ಅಂತ ಹೋದರೆ ಮೊದಲು ಊಟಕ್ಕೆ ಏನಿದೆ ಅಂತ ಕೇಳಿ. ಅದರಲ್ಲೂ ಇಟಲಿಯ ಪಿಯೆಮೊಂತೆ ಕಡೆ ಹೋದರೆ.

ಅಕ್ಟೋಬರ್ ಕೊನೆಯ ಒಂದು ಶನಿವಾರ ನಾನು ಮತ್ತು ಆಫೀಸಿನ ಗೆಳೆಯ ಟುರಿನ್‌ನಿಂದ ಸೆರ್ರಾಲುಂಗಾಕ್ಕೆ ಹೊರಟೆವು. ಗೆಳೆಯ ಹುಬ್ಬಳ್ಳಿಯವನು, ಗಾಡಿ ಓಡಿಸುವ ಸರದಿ ಅವನದು. ದಾರಿಯಲ್ಲಿ ಆಲ್ಬಾ ಸಿಗುತ್ತದೆ, ನುಟೆಲ್ಲಾ ಮಾಡುವ ಫೆರೆರೊ ಕಂಪನಿ 1946ರಲ್ಲಿ ಹುಟ್ಟಿದ ಊರು. ಆ ಹೊತ್ತಿಗೆ ಅಲ್ಲಿ ಬಿಳಿ ಟ್ರಫಲ್, ಅಂದರೆ ನೆಲದಡಿ ಬೆಳೆಯುವ ದುಬಾರಿ ಅಣಬೆಯ ಜಾತ್ರೆ ಬೇರೆ. ಗಾಡಿ ನಿಲ್ಲಿಸೋಕೆ ಜಾಗ ಇರಲಿಲ್ಲ, ಟ್ರಫಲ್ ರೇಟು ನಮಗೆ ಹೇಗೂ ದಕ್ಕೋದಲ್ಲ, ಮುಂದೆ ಹೋದೆವು.

ಸೆರ್ರಾಲುಂಗಾ ಅಂದರೆ ಗುಡ್ಡದ ನೆತ್ತಿಯಲ್ಲಿ 14ನೇ ಶತಮಾನದ ಒಂದು ಕೋಟೆ, ಅದರ ಸುತ್ತ ಒಂದಿಷ್ಟು ಮನೆ, ಮಿಕ್ಕಿದ್ದೆಲ್ಲ ದ್ರಾಕ್ಷಿ ತೋಟ. ನಾವು ಹೋದ ವೈನರಿ ಅಪ್ಪ ಮಗ ಸೇರಿ ನಡೆಸುವ ಸಣ್ಣ ಜಾಗ. ಮೇಲೆ ಮನೆ, ಕೆಳಗೆ ನೆಲಮಾಳಿಗೆ. ಬರೋಲೊ ಅನ್ನೋ ಕೆಂಪು ವೈನ್ ಮಾಡೋದು ನೆಬ್ಬಿಯೋಲೊ ದ್ರಾಕ್ಷಿಯಿಂದ, ಅದು ಹಣ್ಣಾಗೋದು ತಡ, ಹಾಗಾಗಿ ಕೊಯ್ಲು ಆಗಷ್ಟೇ ಮುಗಿದಿತ್ತು. ಮಗ ಒಂದು ತೊಟ್ಟಿಯ ಮುಚ್ಚಳ ತೆಗೆದು ತೋರಿಸಿದ. ಸಿಪ್ಪೆಗಳೆಲ್ಲ ಮೇಲೆ ತೇಲಿ ಬಂದು ದಪ್ಪ ಹೆಪ್ಪುಗಟ್ಟಿದ್ದವು, ಅಂಚಿನಲ್ಲಿ ನೇರಳೆ ನೊರೆ ಚಿಟಪಟ ಅನ್ನುತ್ತಿತ್ತು. ನಾನು ಬಗ್ಗಿ ನೋಡಹೋದರೆ ಮೂಗಿಗೆ ಸೋಡಾ ನುಗ್ಗಿದ ಹಾಗಾಯಿತು, ಅವನು ಭುಜ ಹಿಡಿದು ಹಿಂದಕ್ಕೆಳೆದ. ಹುದುಗುವಾಗ ಬರುವ ಇಂಗಾಲದ ಡೈಆಕ್ಸೈಡು ಅದು, ತಮಾಷೆಯಲ್ಲ. ಆ ಸಿಪ್ಪೆಯ ಮೇಲೆ ದಿನಾ ಕೆಳಗಿನ ರಸ ಪಂಪ್ ಮಾಡಿ ಸುರಿಯುತ್ತಾರೆ, ಬಣ್ಣವೂ ಒಗರೂ ಇಳಿಯೋದು ಅಲ್ಲಿಂದಲೇ. ಆಮೇಲೆ ಆಳೆತ್ತರದ ಓಕ್ ಪೀಪಾಯಿಗಳು. ಬರೋಲೊ ಅಂತ ಹೆಸರು ಹಾಕಬೇಕಾದರೆ ಕಡಿಮೆ ಅಂದರೂ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ. ಕಾನೂನೇ ಹಾಗಿದೆ.

ಮೇಲೆ ಬಂದು ಕೂತೆವು. ಯಜಮಾನ ಮೊದಲು ಡಾಲ್ಚೆಟ್ಟೊ ಅನ್ನೋ ಕೆಂಪು ವೈನ್ ಬಗ್ಗಿಸಿದರು, ಅದು ಅಲ್ಲಿನವರು ದಿನದ ಊಟಕ್ಕೆ ಕುಡಿಯೋದು. ಆಮೇಲೆ ಬಾರ್ಬೆರಾ, ಅದೂ ವೈನೇ, ಕಡುಗೆಂಪು, ಹುಳಿ ಮುಂದು. ಕೊನೆಗೆ ಬರೋಲೊ. ಬಣ್ಣ ನೋಡಿ ಗೆಳೆಯ, "ಇದೇನಪಾ, ಇಷ್ಟ್ ತೆಳ್ಳಗ ಐತಿ" ಅಂದ. ಬಣ್ಣ ನೋಡಿ ನಂಬಬಾರದು. ಒಂದು ಗುಟುಕು ಬಾಯಿಗೆ ಹೋದದ್ದೇ ತಡ, ಚೊಗರು ಅಡಿಕೆ ಜಗಿದ ಹಾಗೆ ವಸಡು, ನಾಲಿಗೆ ಎಲ್ಲ ಹಿಡಕೊಂಡವು. ಇಷ್ಟು ದುಡ್ಡು ಕೊಟ್ಟು ಇದನ್ನ ಯಾಕೆ ಕುಡೀತಾರೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಯಜಮಾನ ಸುಮ್ನೆ ನಕ್ಕು ಒಳಗೆ ಹೋದರು. ಅವರ ಹೆಂಡತಿ ತಾಯಾರಿನ್ ಅನ್ನೋ ಅಲ್ಲಿನ ಪಾಸ್ತಾ ತಂದಿಟ್ಟರು: ಶಾವಿಗೆಗಿಂತ ಚೂರು ದಪ್ಪ, ಗಾಢ ಹಳದಿ. ಒಂದು ಕೆಜಿ ಹಿಟ್ಟಿಗೆ 30 ಮೊಟ್ಟೆಯ ಹಳದಿ ಹಾಕುತ್ತಾರಂತೆ! ಮೇಲೆ ಬೆಣ್ಣೆ, ಸೇಜ್ ಎಲೆ, ಅಷ್ಟೇ. ಗೆಳೆಯನಿಗೆ ಬರೋಲೊದಲ್ಲೇ ಗಂಟೆಗಟ್ಟಲೆ ಬೇಯಿಸಿದ ಮಾಂಸ. ನಾನು ಮೊಟ್ಟೆ ತನಕ ಮಾತ್ರ, ಹಾಗಾಗಿ ನನಗೆ ಪುಡಿಪುಡಿಯಾಗುವ ಕಾಸ್ಟೆಲ್ಮಾನ್ಯೊ ಚೀಸು ಬಂತು. ಬೆಣ್ಣೆ ಬಾಯಲ್ಲಿರುವಾಗಲೇ ಅದೇ ಗ್ಲಾಸಿನಿಂದ ಒಂದು ಗುಟುಕು ಕುಡಿದೆ. ಒಗರು ಎಲ್ಲಿ ಹೋಯಿತೋ! ಅಷ್ಟು ಹೊತ್ತು ಅದರ ಹಿಂದೆ ಅಡಗಿದ್ದ ಗುಲಾಬಿ, ಒಣಗಿದ ಚೆರ್ರಿ ಹಣ್ಣಿನ ವಾಸನೆ ಈಗ ಬಂತು. ಒಗರಿನ ಅಂಶ ನಮ್ಮ ಎಂಜಲಿನ ಪ್ರೋಟೀನನ್ನು ಹಿಡಿದು ಬಾಯಿ ಒಣಗಿಸುತ್ತದೆ, ಜೊತೆಗೆ ಬೆಣ್ಣೆ, ಚೀಸು, ಮಾಂಸ ಇದ್ದರೆ ಅದರ ಕೈ ಅವುಗಳ ಮೇಲೆ ಹೋಗುತ್ತದೆ. ವೈನ್ ಜೊತೆ ಯಾವ ಊಟ ಅನ್ನೋದು ಶೋಕಿ ಮಾತು ಅಂದುಕೊಂಡವರು ಇದೊಂದನ್ನು ಮಾಡಿ ನೋಡಬೇಕು.

ಹಾಗಾದರೆ ನಮ್ಮ ಊಟಕ್ಕೆ ಯಾವುದು ಅಂತ ಕೇಳಿದೆ. "ಖಾರ ಎಷ್ಟು?" ಅಂದರು. ಗೆಳೆಯ ಬಾಯಲ್ಲಿ ಉತ್ತರ ಕೊಡದೆ ಬ್ಯಾಗಿನಿಂದ ಶೇಂಗಾ ಚಟ್ನಿಪುಡಿ ಡಬ್ಬಿ ತೆಗೆದ, ಅದಿಲ್ಲದೆ ಅವನು ಎಲ್ಲಿಗೂ ಹೋಗೋನಲ್ಲ. ಬ್ರೆಡ್ಡಿಗೆ ಎಣ್ಣೆ ಸವರಿ ಪುಡಿ ಉದುರಿಸಿ ಎಲ್ಲರೂ ತಿಂದೆವು. ಬರೋಲೊ ಜೊತೆಗಂತೂ ಅನಾಹುತ. ಖಾರಕ್ಕೆ ಆಲ್ಕೋಹಾಲಿನ ಉರಿ ಸೇರಿ, ಒಗರೂ ಎರಡರಷ್ಟಾಗಿ ಯಜಮಾನರ ಕಣ್ಣಲ್ಲಿ ನೀರು. ಬಾರ್ಬೆರಾ ಮಾತ್ರ ತಡೆಯಿತು. ಅದರಲ್ಲಿ ಒಗರು ಕಡಿಮೆ, ಹುಳಿ ಜಾಸ್ತಿ, ಟೊಮ್ಯಾಟೊ ಸಾಸಿಗೂ ಅದೇ ಸರಿ ಅನ್ನುತ್ತಾರೆ. ಸ್ವಲ್ಪ ತಣ್ಣಗೆ ಮಾಡಿ ಕುಡೀರಿ ಅಂತ ಯಜಮಾನರೇ ಹೇಳಿದರು.

ಹೊರಡುವಾಗ ಬಾರ್ಬೆರಾ ಒಂದು ಪೆಟ್ಟಿಗೆ ತಗೊಂಡೆವು, ಬರೋಲೊ ಒಂದೇ ಬಾಟಲಿ. ಬೆಲೆಯೂ ಹಾಗೇ ಇತ್ತು ಅನ್ನಿ. ಬೆಳಿಗ್ಗೆಯಿಂದ ರುಚಿ ನೋಡಿ ಉಗುಳುತ್ತಲೇ ಇದ್ದ ಗೆಳೆಯ ಮನೆ ಮುಟ್ಟಿದ ಮೇಲೆ ಒಂದು ಬಾರ್ಬೆರಾ ತೆಗೆದು, ಬಿಸಿಬೇಳೆಬಾತ್ ಮಾಡು ಅಂತ ಕೂತ.