ಜಂಟಿ ಗೃಹಸಾಲದಿಂದ ನನ್ನ ಹೆಸರು ಹೊರಬಂದ ಬಗೆ

ವಿಚ್ಛೇದನದ ತೀರ್ಪು ಕೈಸೇರಿದ ದಿನ ಮನೆಯ ವಿಚಾರವೂ ಅಲ್ಲಿಗೇ ಇತ್ಯರ್ಥವಾಯಿತೆಂದು ನಾನು ನಂಬಿದ್ದೆ. ನಾವಿಬ್ಬರೂ ಜಂಟಿಯಾಗಿ ಸಾಲ ಮಾಡಿದ್ದ ಆ ಮನೆ ನನ್ನ ಮಾಜಿ ಸಂಗಾತಿಗೆ, ಬಾಕಿ ಕಂತುಗಳೂ ಅವರವೇ ಎಂದು ತೀರ್ಪಿನಲ್ಲಿ ಸ್ಪಷ್ಟವಾಗಿತ್ತು. ನನ್ನ ಪಾಲಿನ ಹಕ್ಕನ್ನು ಬಿಟ್ಟುಕೊಡುವ ಪತ್ರಕ್ಕೂ ನಾನು ಸಹಿ ಹಾಕಿದ್ದೆ. ಎರಡು ವರ್ಷಗಳ ನಂತರ ನನಗೆಂದು ಒಂದು ಚಿಕ್ಕ ಮನೆ ಕೊಳ್ಳಲು ಸಾಲದ ಅರ್ಜಿ ಹಾಕಿದಾಗ, ಅಧಿಕಾರಿಯೊಬ್ಬರು ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿ ಹಳೆಯ ಸಾಲದ ವಿವರ ತೋರಿಸಿದರು. ಅಲ್ಲಿ ಇಬ್ಬರ ಹೆಸರೂ ಹಾಗೆಯೇ ಇದ್ದವು. ಮೂರು ಕಂತುಗಳು ತಡವಾಗಿದ್ದದ್ದು ನನ್ನ ಲೆಕ್ಕಕ್ಕೂ ಸೇರಿತ್ತು.

ಆ ಮೇಜಿನ ಮುಂದೆ ಕುಳಿತಾಗಲೇ ನನಗೆ ಅರ್ಥವಾದದ್ದು: ಮನೆ ಯಾರದೆಂದು ಹೇಳುವ ಕಾಗದ ಬೇರೆ, ಹಣ ಯಾರು ತೀರಿಸಬೇಕೆಂದು ಹೇಳುವ ಕಾಗದ ಬೇರೆ. ಮೊದಲನೆಯದರಿಂದ ನಾನು ಹೊರಬಂದಿದ್ದೆ, ಎರಡನೆಯದರಲ್ಲಿ ಉಳಿದುಕೊಂಡಿದ್ದೆ. ನ್ಯಾಯಾಲಯದ ಆದೇಶ ನಮ್ಮಿಬ್ಬರ ನಡುವಿನದು. ಆ ವ್ಯಾಜ್ಯದಲ್ಲಿ ಪಕ್ಷಗಾರನೇ ಅಲ್ಲದ ಸಾಲದಾತನ ಒಪ್ಪಂದ ಅದರಿಂದ ತಾನಾಗಿ ಬದಲಾಗುವುದಿಲ್ಲ. ಜಂಟಿ ಸಾಲದಲ್ಲಿ ಸಾಮಾನ್ಯವಾಗಿ ಅರ್ಧರ್ಧ ಹೊಣೆ ಎಂಬುದೂ ಇರುವುದಿಲ್ಲ. ಒಬ್ಬರು ಕಟ್ಟದಿದ್ದರೆ ಇಡೀ ಬಾಕಿಯನ್ನು ಇನ್ನೊಬ್ಬರಿಂದ ಕೇಳುವ ಹಕ್ಕು ಸಾಲ ಕೊಟ್ಟವರಿಗಿರುತ್ತದೆ.

ಹೆಸರು ತೆಗೆಸುವ ದಾರಿಗಳು ಹೆಚ್ಚಿಲ್ಲ. ಮನೆ ಉಳಿಸಿಕೊಳ್ಳುವವರು ತಮ್ಮೊಬ್ಬರ ಹೆಸರಿನಲ್ಲಿ ಹೊಸ ಸಾಲ ಪಡೆದು ಹಳೆಯದನ್ನು ತೀರಿಸಬಹುದು. ಅಥವಾ ಸಾಲದಾತ ಒಪ್ಪಿದರೆ ಅದೇ ಸಾಲದಿಂದ ಒಬ್ಬರನ್ನು ಬಿಡುಗಡೆ ಮಾಡಿ ಪತ್ರಗಳನ್ನು ತಿದ್ದಿಸಬಹುದು. ಎರಡೂ ಆಗದಿದ್ದರೆ ಮನೆ ಮಾರುವುದೊಂದೇ ಉಳಿಯುತ್ತದೆ. ಮೊದಲ ಎರಡರಲ್ಲೂ ಉಳಿಯುವವರ ಆದಾಯವೊಂದೇ ಕಂತಿಗೆ ಸಾಕೇ ಎಂದು ಹೊಸದಾಗಿ ಅಳೆಯುತ್ತಾರೆ, ಮತ್ತು ಬಡ್ಡಿಯ ದರ ಹಳೆಯದೇ ಇರುತ್ತದೆಂಬ ಖಾತರಿಯಿಲ್ಲ. ಪಾಲಿನ ಲೆಕ್ಕವನ್ನೂ ಆಗಲೇ ಮಾಡಿಕೊಳ್ಳಬೇಕು: ಮನೆಯ ಬೆಲೆ 100 ಎಂದಿಟ್ಟುಕೊಂಡರೆ, ಸಾಲದ ಬಾಕಿ 60 ಇದ್ದಾಗ ಹಂಚಿಕೊಳ್ಳಲು ಇರುವುದು 40 ಮಾತ್ರ, ಸಮಪಾಲಾದರೆ ಹೊರಹೋಗುವವರಿಗೆ 20. ಮೌಲ್ಯಮಾಪನ, ನೋಂದಣಿ, ಅವಧಿಗೆ ಮೊದಲೇ ಸಾಲ ತೀರಿಸುವ ಶುಲ್ಕ ಇದ್ದರೆ ಅದೂ ಸೇರಿ ಖರ್ಚು ಬೇರೆ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಮೂರು ತಿಂಗಳು ಅವರಿಗೆ ಕೆಲಸವಿರಲಿಲ್ಲ, ನನಗೆ ಹೇಳಿಕೊಳ್ಳಲು ಸಂಕೋಚಪಟ್ಟಿದ್ದರು. ಮೊದಲ ಬಾರಿ ಕೇಳಿದಾಗ ಅವರೊಬ್ಬರ ಸಂಬಳ ಸಾಲದೆಂಬ ಉತ್ತರ ಬಂತು. ಕೊನೆಗೆ ಅವರ ಅಕ್ಕ ಸಹ-ಸಾಲಗಾರರಾಗಿ ಸೇರಿಕೊಂಡ ಮೇಲೆ ನನ್ನ ಬಿಡುಗಡೆಗೆ ಒಪ್ಪಿಗೆ ಸಿಕ್ಕಿತು. ಹಕ್ಕು ಬಿಡುವ ಪತ್ರ ಮತ್ತು ಸಾಲದ ಬಿಡುಗಡೆ ಎರಡೂ ಒಂದೇ ದಿನ, ಒಂದೇ ಮೇಜಿನ ಮೇಲೆ ಆಗಬೇಕಿತ್ತು. ಮನೆಯ ಮೇಲಿನ ಹಕ್ಕನ್ನು ಮೊದಲೇ ಬಿಟ್ಟುಕೊಟ್ಟು ಸಾಲವನ್ನಷ್ಟೇ ಹೊತ್ತುಕೊಂಡಿದ್ದು ನಾನು ಮಾಡಿದ ದೊಡ್ಡ ತಪ್ಪು. ಇದೇ ಸ್ಥಿತಿಯಲ್ಲಿರುವವರು ಸಾಲದಾತನ ಲಿಖಿತ ಒಪ್ಪಿಗೆ ಕಣ್ಣಾರೆ ಕಾಣುವವರೆಗೆ ಪಾಲು ಬಿಡುವ ಪತ್ರಕ್ಕೆ ದಯವಿಟ್ಟು ಸಹಿ ಹಾಕಬೇಡಿ.

ಬಿಡುಗಡೆಯ ಪತ್ರ ಒಂದೇ ಹಾಳೆಯದು. ಸಾಲದ ಸಂಖ್ಯೆ, ನನ್ನ ಪೂರ್ಣ ಹೆಸರು, ಹೊಣೆ ಮುಗಿದ ದಿನಾಂಕ, ಕೆಳಗೆ ಮೊಹರು. ಅದೇ ವಾರ ನನ್ನ ಖಾತೆಯಿಂದ ಕಂತು ಕಡಿತವಾಗಲು ಕೊಟ್ಟಿದ್ದ ಹಳೆಯ ಸೂಚನೆಯನ್ನು ರದ್ದುಪಡಿಸಿದೆ, ಕೆಲವು ವಾರ ಬಿಟ್ಟು ಸಾಲದ ದಾಖಲೆಯನ್ನು ತರಿಸಿ ನೋಡಿದೆ. ಆ ಸಾಲ ಈಗ ನನ್ನ ಹೊಣೆಗಳ ಪಟ್ಟಿಯಲ್ಲಿಲ್ಲ. ತಡವಾದ ಮೂರು ಕಂತುಗಳ ಗುರುತು ಮಾತ್ರ ಇನ್ನೂ ಅಲ್ಲೇ ಇದೆ.