ಖುಕ್ರಿ 1:200 – ಕೊನೆಗೂ ಸಮುದ್ರ ಗಟ್ಟಿಯಾಯಿತು

ಗಟ್ಟಿಯಾಯಿತು! ಐಎನ್ಎಸ್ ಖುಕ್ರಿ ಎಂಬ ಯುದ್ಧನೌಕೆಯ ನನ್ನ ಪುಟ್ಟ ಮಾದರಿಯ ಸುತ್ತ ಪದರ ಪದರವಾಗಿ ಹೊಯ್ಯುತ್ತಿರುವ ರೆಸಿನ್ ಸಮುದ್ರ. ಬೆಳಿಗ್ಗೆ 6 ಗಂಟೆಗೆ ಎದ್ದು, ಹಲ್ಲು ಕೂಡ ಉಜ್ಜದೆ, ನೇರ ಹಿಂದಿನ ಕೋಣೆಗೆ ಹೋಗಿ ಬೆರಳಿಟ್ಟು ನೋಡಿದೆ. ಅಂಟಲಿಲ್ಲ. ಉಗುರು ಒತ್ತಿದೆ, ಗುರುತು ಬೀಳಲಿಲ್ಲ. ಆರನೇ ಪದರ ಕಲ್ಲಿನ ಹಾಗೆ ಕೂತಿದೆ. ಇನ್ನು ಎರಡೇ ಪದರ ಬಾಕಿ. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅವಳು ಮುಸುಕು ಎಳೆದುಕೊಂಡಳು.

ಹಡಗು ಮುಗಿದು ತಿಂಗಳುಗಳೇ ಆಗಿದ್ದವು. ಬಾಲ್ಸಾ ಎಂಬ ಹಗುರ ಮರದ ಪಕ್ಕೆಲುಬು, ಹಲಗೆ, ಪುಟ್ಟಿ, ಉಜ್ಜು, ಮತ್ತೆ ಪುಟ್ಟಿ – ಆ ಕಥೆ ಹಿಂದೆ ಓದಿದವರಿಗೆಲ್ಲ ಗೊತ್ತಿರುವುದೇ, ಬಿಡಿ. ನಿಜವಾದ ಹಡಗು 310 ಅಡಿ ಉದ್ದ, 33 ಅಡಿ ಅಗಲ. 1:200ರಲ್ಲಿ, ಅಂದರೆ ಇನ್ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ, 47 ಸೆಂಟಿಮೀಟರ್ ಉದ್ದಕ್ಕೆ ಬರೀ 5 ಸೆಂಟಿಮೀಟರ್ ಅಗಲ. ಕೈಯಲ್ಲಿ ಹಿಡಿದರೆ ಒಳ್ಳೇ ನುಗ್ಗೆಕಾಯಿ. ಹಿಂಭಾಗದ ಎರಡು ಲಿಂಬೊ ಮಾರ್ಟರ್‌ಗಳಿಗೆ (ಸಬ್‌ಮರೀನ್ ಮೇಲೆ ಬಾಂಬ್ ಎಸೆಯುವ ತೋಪು) ತಲಾ 3 ನಳಿಕೆ, ಅವನ್ನು ದಪ್ಪ ಇಂಜೆಕ್ಷನ್ ಸೂಜಿ ಕತ್ತರಿಸಿ ಮಾಡಿದೆ. ಮೆಡಿಕಲ್ ಶಾಪಿನವರು ಸೂಜಿ ಯಾಕೆ ಅಂತ ಕೇಳಿದಾಗ "ಸಬ್‌ಮರೀನ್ ಹೊಡೆಯೋಕೆ" ಅಂದುಬಿಟ್ಟೆ. ಆಮೇಲೆ ಆ ಅಂಗಡಿಗೆ ಹೋಗಿಲ್ಲ.

ಹೊಸದಾಗಿ ಓದುವವರಿಗೆ ಎರಡು ಮಾತು. ಐಎನ್ಎಸ್ ಖುಕ್ರಿ ಬ್ರಿಟಿಷರ ಬ್ಲ್ಯಾಕ್‌ವುಡ್ ವರ್ಗದ ಫ್ರಿಗೇಟ್, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆ. ಇಂಗ್ಲೆಂಡಿನ ಕೌಸ್‌ನಲ್ಲಿ ಕಟ್ಟಿದ್ದು, 1958ರಲ್ಲಿ ನಮ್ಮ ನೌಕಾಪಡೆಗೆ ಬಂತು. 1971ರ ಡಿಸೆಂಬರ್ 9ರ ರಾತ್ರಿ, ದಿಯು ಆಚೆಯ ಸಮುದ್ರದಲ್ಲಿ, ಹ್ಯಾಂಗೋರ್ ಎಂಬ ಪಾಕಿಸ್ತಾನದ ಸಬ್‌ಮರೀನ್ ಬಿಟ್ಟ ಟಾರ್ಪೆಡೊ ತಗುಲಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಹಡಗಿನ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ. ಆಗ ಅವರಿಗೆ 45 ವರ್ಷ. ತಮ್ಮ ಜೀವರಕ್ಷಕ ಸಾಧನವನ್ನು ಒಬ್ಬ ನಾವಿಕನಿಗೆ ಕೊಟ್ಟು, ಆದಷ್ಟು ಜನರನ್ನು ಇಳಿಸಿ, ಇನ್ನೇನಾದರೂ ಮಾಡಲಾಗುತ್ತದಾ ಅಂತ ವಾಪಸ್ ಬ್ರಿಡ್ಜ್‌ಗೆ, ಹಡಗು ನಡೆಸುವ ಕೋಣೆಗೆ, ಹೋದರು. ಹಡಗಿನ ಜೊತೆಗೇ ಹೋದರು. ಮಹಾವೀರ ಚಕ್ರ ಬಂದದ್ದು ಮರಣೋತ್ತರ.

ಕಾರವಾರದಲ್ಲಿ ಬೆಳೆದ ನನಗೆ ಯುದ್ಧನೌಕೆ ಹೊಸದಲ್ಲ. ಆದರೆ ಖುಕ್ರಿ ಹುಚ್ಚು ಹಿಡಿದದ್ದು ದಿಯುವಿಗೆ ಹೋದಾಗ. ಅಲ್ಲಿ ಸಮುದ್ರದ ಪಕ್ಕದ ಗುಡ್ಡದ ಮೇಲೆ ಸ್ಮಾರಕವಿದೆ. ಗಾಜಿನ ಪೆಟ್ಟಿಗೆಯೊಳಗೆ ಖುಕ್ರಿಯ ಮಾದರಿ, ಹಿಂದೆ ಸಾಕ್ಷಾತ್ ಅರಬ್ಬಿ ಸಮುದ್ರ. ನಾನು ತೆಗೆದ ಫೋಟೊಗಳಲ್ಲೆಲ್ಲ ಗಾಜಿನಲ್ಲಿ ನನ್ನದೇ ಮುಖ, ಮುಖದ ಮಧ್ಯೆ ಹಡಗು. ಆವತ್ತೇ ತೀರ್ಮಾನ ಮಾಡಿದೆ, ನನ್ನದೊಂದು ಮಾಡಬೇಕು, ಅದನ್ನು ಸ್ಟ್ಯಾಂಡ್ ಮೇಲೆ ಇಡಬಾರದು, ನೀರಲ್ಲೇ ಇಡಬೇಕು.

ನೀರು! ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ಲೆಕ್ಕ ಸರಳವಾಗಿತ್ತು. 56 ಸೆಂಟಿಮೀಟರ್ ಉದ್ದ, 14 ಅಗಲದ ಅಕ್ರಿಲಿಕ್ ತೊಟ್ಟಿ. 3 ಸೆಂಟಿಮೀಟರ್ ಆಳಕ್ಕೆ ಎಪಾಕ್ಸಿ ರೆಸಿನ್, ಹಾರ್ಡನರ್ ಎಂಬ ಇನ್ನೊಂದು ದ್ರವ ಕಲಸಿದರೆ ಗಟ್ಟಿಯಾಗುವ ದ್ರವ. ಹಡಗಿನ ಜಾಗ ಕಳೆದರೆ ಸುಮಾರು 2 ಲೀಟರ್. ತಿಳಿ ನೀಲಿ ನೀರು, ಅದರೊಳಗೆ ಹಡಗಿನ ತಳ, ಹಿಂದೆ ಆ ಒಂಟಿ ಪ್ರೊಪೆಲ್ಲರ್, ಎಲ್ಲ ಕಾಣಬೇಕು. ಆ ಪ್ರೊಪೆಲ್ಲರ್ ಒಂದಕ್ಕೇ ಮೂರು ವಾರ ಹಿಡಿದಿತ್ತು, ಹಿತ್ತಾಳೆ ತಗಡು ಕತ್ತರಿಸಿ, ಎಲೆ ಎಲೆ ತಿರುಚಿ.

ಮೊದಲ ಪ್ರಯತ್ನಕ್ಕೆ, ಪುಣ್ಯಕ್ಕೆ, ನನ್ನ ಮೊದಲ ಹಲ್ (ಹಡಗಿನ ಒಡಲು) ಬಳಸಿದೆ. ಅದು ಬಾಳೆಕಾಯಿಯ ಹಾಗೆ ಸೊಟ್ಟಗಾಗಿ ಕಸಕ್ಕೆ ಹೋಗಬೇಕಿದ್ದದ್ದು. 2 ಲೀಟರ್ ರೆಸಿನ್ ಪೂರ್ತಿ ಒಂದೇ ಬಕೆಟ್ಟಿಗೆ ಹಾಕಿ ಕಲಸಿದೆ. ನಗಬೇಡಿ. ರೆಸಿನ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ರಾಶಿ ದೊಡ್ಡದಾದಷ್ಟೂ ಬಿಸಿ ಜಾಸ್ತಿ, ಬಿಸಿ ಜಾಸ್ತಿಯಾದಷ್ಟೂ ಬೇಗ ಗಟ್ಟಿಯಾಗುತ್ತದೆ, ಬೇಗ ಗಟ್ಟಿಯಾದಷ್ಟೂ ಇನ್ನೂ ಬಿಸಿ – ಇದೆಲ್ಲ ಡಬ್ಬಿಯ ಮೇಲೆ ಬರೆದಿತ್ತು, ಅದನ್ನು ಓದಿದ್ದು ಮಾತ್ರ ಹೊಗೆ ಬಂದ ಮೇಲೆ. ತೊಟ್ಟಿಯ ಗೋಡೆ ಹಪ್ಪಳದ ಹಾಗೆ ಬಾಗಿತು. ರೆಸಿನ್ ಮಧ್ಯದಲ್ಲಿ ಟಪ್ ಅಂತ ಬಿರುಕು. ಬಣ್ಣ ಹಳೇ ಜೇನುತುಪ್ಪ.

ಎರಡನೇ ಪ್ರಯತ್ನ ಜುಲೈನಲ್ಲಿ. ಕಾರವಾರದ ಜುಲೈ ಅಂದರೆ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ತೆಳು ಪದರ ಹಾಕಿದೆ. 24 ಗಂಟೆ ಬಿಟ್ಟು ನೋಡಿದರೆ ಮೇಲೆಲ್ಲ ಬಿಳಿಚಿದ ಜಿಡ್ಡು, ಕೆಳಗೆ ಚ್ಯೂಯಿಂಗ್ ಗಮ್. ಜಿಡ್ಡಿಗೆ ಕಾರಣ ತೇವ. ಹಾರ್ಡನರ್ ಗಾಳಿಯ ತೇವದ ಜೊತೆ ಸೇರಿ ಆ ಪೊರೆ ಕಟ್ಟುತ್ತದೆ, ಬಿಸಿನೀರು ಸೋಪು ಹಾಕಿ ತೊಳೆದರೆ ಹೋಗುತ್ತದೆ. ಚ್ಯೂಯಿಂಗ್ ಗಮ್ಮಿಗೆ ಕಾರಣ ನಮ್ಮ ಸಪ್ಲೈಯರ್ ಮಹಾಶಯರು. ರೆಸಿನ್ ಒಂದರದ್ದು, ಹಾರ್ಡನರ್ ಇನ್ನೊಂದರದ್ದು ಕಳಿಸಿದ್ದರು. ಫೋನ್ ಮಾಡಿದರೆ "ಸಾರ್, ಎಲ್ಲಾ ಒಂದೇ ಸಾರ್, ಸ್ವಲ್ಪ ಬಿಸಿಲಿಗಿಡಿ." ಜುಲೈನಲ್ಲಿ, ಕಾರವಾರದಲ್ಲಿ, ಬಿಸಿಲು! ಕಡೆಗೆ ಸರಿಯಾದ ಹಾರ್ಡನರ್ ಬಂತು, ಆದರೆ ಅಳತೆ ಬಗ್ಗೆ ಚೀಟಿಯಲ್ಲಿ "2:1" ಅಂತ ಅಷ್ಟೇ. ತೂಕದಲ್ಲೋ, ಅಳತೆ ಲೋಟದಲ್ಲೋ? ಎರಡೂ ಒಂದಲ್ಲ ಸ್ವಾಮಿ. ಕೇಳಿದರೆ ಮತ್ತೆ "ಎಲ್ಲಾ ಒಂದೇ ಸಾರ್." ಕಾಗದದ ಲೋಟದಲ್ಲಿ ಎರಡು ಥರವೂ ಕಲಸಿ, ಯಾವುದು ಗಟ್ಟಿಯಾಗುತ್ತದೆ ಅಂತ ಕಾದು ನೋಡಿ ತಿಳಿದುಕೊಂಡೆ. ಲೋಟದ ಅಳತೆ ಅದು.

ಮೂರನೇ ಸಲ ನಿಜವಾದ ಹಲ್ ಇಟ್ಟೆ. ರೆಸಿನ್ ಸರಿ, ಅಳತೆ ಸರಿ, ಪದರ 4 ಮಿಲಿಮೀಟರ್. ಬೆಳಿಗ್ಗೆ 10ಕ್ಕೆ ಹೊಯ್ದೆ. ಮಧ್ಯಾಹ್ನ ನೋಡಿದರೆ ಹಡಗಿನ ಎರಡೂ ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು. ಒಡೆದಷ್ಟೂ ಬರುತ್ತವೆ. ಪಾಯಸ ಕುದಿಯುವ ಹಾಗೆ. ಸುಮ್ನೆ ಗುಳ್ಳೆ ಅಂದುಕೊಂಡಿದ್ದೆ. ಆದರೆ ಮುಳುಗಿದ ಹಡಗೊಂದರ ಮಾದರಿಯ ಪಕ್ಕದಿಂದ ಗುಳ್ಳೆ ಏಳುವುದನ್ನು ಕೂತು ನೋಡುವುದಿದೆಯಲ್ಲ, ಐದು ನಿಮಿಷದಲ್ಲಿ ಎದ್ದು ಹೊರಗೆ ಹೋದೆ.

ಕಾರಣ ಆಮೇಲೆ ಹೊಳೆಯಿತು. ಬಾಲ್ಸಾದೊಳಗೆ ಗಾಳಿ ಇರುತ್ತದೆ. ಹೊತ್ತು ಏರಿದ ಹಾಗೆ ಮರ ಬಿಸಿಯಾಗಿ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಪೇಂಟಿನ ಕಣ್ಣಿಗೆ ಕಾಣದ ತೂತುಗಳಿಂದ. ಅದಕ್ಕೇ ಎರಡು ಉಪಾಯ ಮಾಡಿದೆ. ತಳಕ್ಕೆ ಮೂರು ಕೈ ಸೀಲರ್, ಆ ತೂತು ಮುಚ್ಚುವ ಲೇಪ. ಮತ್ತೆ, ಹೊಯ್ಯುವುದು ಸಂಜೆ ಮಾತ್ರ. ಸಂಜೆ ತಂಪಾಗುವಾಗ ಮರ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಬಿಡುವುದಿಲ್ಲ. ಇದೊಂದನ್ನು ನೆನಪಿಟ್ಟುಕೊಳ್ಳಿ, ಬಾಕಿ ನನ್ನ ಗೋಳು ಮರೆತರೂ ಪರವಾಗಿಲ್ಲ.

ಇಷ್ಟೆಲ್ಲ ಆಗಿ, ಪರೀಕ್ಷೆಗೆ ಹಾಕಿದ ಚಿಕ್ಕ ತೊಟ್ಟಿಯಲ್ಲಿ ಗಾಜಿನಂಥ ನೀಲಿ ನೀರು ಬಂತು. ಜಂಭದಿಂದ ಮಾವನಿಗೆ ತೋರಿಸಿದೆ. ಸೋದರಮಾವ, ನೌಕಾಪಡೆಯಲ್ಲಿ ಸಿಗ್ನಲ್ ವಿಭಾಗದಲ್ಲಿದ್ದವರು, 1971ರಲ್ಲಿ ಮುಂಬೈಯಲ್ಲಿ ದಡದ ಕೆಲಸ. 2000ರಲ್ಲಿ ಕ್ಯಾಪ್ಟನ್ ಮುಲ್ಲಾ ನೆನಪಿಗೆ ಬಂದ 3 ರೂಪಾಯಿಯ ಸ್ಟಾಂಪ್ ಅವರ ಪರ್ಸಿನಲ್ಲಿ ಪ್ಲಾಸ್ಟಿಕ್ ಒಳಗೆ ಇವತ್ತಿಗೂ ಇದೆ. ಆ ಯುದ್ಧದ ಬಗ್ಗೆ ಜಾಸ್ತಿ ಮಾತಾಡುವವರಲ್ಲ.

ಕನ್ನಡಕ ಹಾಕಿಕೊಂಡು ನೋಡಿದರು. "ಏ ತಮಾ, ಇದೆಂತದೋ, ಈಜುಕೊಳನಾ?"

"ಸಮುದ್ರ ಮಾವ."

"ಬಟ್ಟೆಗೆ ನೀಲಿ ಹಾಕಿದ ಬಕೆಟ್ ಇದ್ದ ಹಾಗೆ ಇದೆ. ಎಷ್ಟು ಗಂಟೆ ಇದರಲ್ಲಿ?"

ರಾತ್ರಿ 8:45ರ ಹೊತ್ತು ಅಂದೆ, ಟಾರ್ಪೆಡೊ ಬರುವುದಕ್ಕೆ ಸ್ವಲ್ಪ ಮುಂಚೆ. ಆಗ ಕಿಟಕಿಗಳಲ್ಲಿ ಉರಿಯುತ್ತಿದ್ದ ನನ್ನ ಎಲ್ಇಡಿಗಳನ್ನು ನೋಡಿದರು. ಅವುಗಳಿಗೆ 0.5 ಮಿಲಿಮೀಟರಿನ ತೂತು ಕೊರೆದು ಕಣ್ಣು ಹಾಳು ಮಾಡಿಕೊಂಡಿದ್ದೆ. "ಯುದ್ಧದ ಟೈಮಲ್ಲಿ ಯಾರು ದೀಪ ಹಚ್ಕೊಂಡು ಹೋಗ್ತಾರೆ? ಮದುವೆ ದಿಬ್ಬಣವಾ?" ಹಡಗಿನ ಮೂತಿಯ ಹತ್ತಿರ ಹತ್ತಿ ಅಂಟಿಸಿ ಮಾಡಿದ ದೊಡ್ಡ ಬಿಳಿ ನೊರೆಗೂ ಬೈಗುಳ ಬಿತ್ತು. ಸೋನಾರ್ ಹಾಕಿ, ಅಂದರೆ ನೀರೊಳಗಿನ ಸದ್ದು ಆಲಿಸಿ, ಸಬ್‌ಮರೀನ್ ಹುಡುಕುವ ಹಡಗು ಅಷ್ಟು ವೇಗ ಹೋದರೆ ತನ್ನ ಸದ್ದಿನಲ್ಲೇ ಕಿವುಡಾಗುತ್ತದೆ ಅಂತ. ಮುಲ್ಲಾ ಅವರು ಖುಕ್ರಿ ಮತ್ತು ಜೊತೆಯ ಹಡಗು ಕಿರ್ಪಾಣ್ ಕರೆದುಕೊಂಡು ಹೊರಟದ್ದೇ ಸಬ್‌ಮರೀನ್ ಹುಡುಕಲಿಕ್ಕೆ. ಇದನ್ನು ನೂರು ಸಲ ಓದಿದ್ದೆ, ಆದರೂ ಹತ್ತಿ ಅಂಟಿಸಿದ್ದೆ.

ಆ ರಾತ್ರಿ ಕೂತು ಹಳೇ ತಿಥಿ ಲೆಕ್ಕ ಹಾಕಿದೆ. ಆ ವರ್ಷ ದತ್ತ ಜಯಂತಿಯ ಹುಣ್ಣಿಮೆ ಡಿಸೆಂಬರ್ 2ಕ್ಕೆ. ಅಂದರೆ 9ಕ್ಕೆ ಅರ್ಧ ಚಂದ್ರ, ಅವನು ಹುಟ್ಟುವುದು ಹತ್ತಿರ ಹತ್ತಿರ ಮಧ್ಯರಾತ್ರಿಗೆ. 8:45ಕ್ಕೆ ಚಂದ್ರನೇ ಇಲ್ಲ. ದೀಪವೂ ಇಲ್ಲ. ನಾನು ಏಳು ತಿಂಗಳಿಂದ ಹಗಲಿನ ನೀರು ಮಾಡಲು ಒದ್ದಾಡುತ್ತಿದ್ದೆ.

ಮರುದಿನ ಮಾವನಿಗೆ ಹೇಳಿದೆ, ಕಪ್ಪು ಹಾಕಿದರೆ ತಳ ಕಾಣುವುದಿಲ್ಲ, ಪ್ರೊಪೆಲ್ಲರ್ ಕಾಣುವುದಿಲ್ಲ, ಮೂರು ವಾರದ ಕೆಲಸ ಮಾವ.

"ನೀರೊಳಗೆ ಕಾಣೋ ಹಾಗಿದ್ದಿದ್ರೆ ಹ್ಯಾಂಗೋರೂ ಕಾಣ್ತಿತ್ತಲ್ಲೋ" ಅಂದರು. ಅಷ್ಟೇ ಅಂದು ಪೇಪರ್ ಓದಲು ಹೋದರು.

ಹಾಗಾಗಿ ಈಗ ಹೊಯ್ಯುತ್ತಿರುವ ರೆಸಿನ್‌ಗೆ ಕಪ್ಪು ಪಿಗ್ಮೆಂಟ್, ಅದರಲ್ಲಿ ಕಡ್ಡಿ ತುದಿಯಷ್ಟು ನೀಲಿ, ಚೂರು ಹಸಿರು. ಬರೀ ಕಪ್ಪು ಹಾಕಬೇಡಿ, ಡಾಂಬರಿನ ಹಾಗೆ ಕಾಣುತ್ತದೆ. ಒಂದೊಂದು ಪದರಕ್ಕೆ ಸುಮಾರು 300 ಎಂಎಲ್. ತೂಗಲಿಕ್ಕೆ ಅತ್ತೆಯ ಅಡುಗೆಮನೆ ತಕ್ಕಡಿ, ಲೋಟದ ಅಳತೆಯನ್ನು ಒಮ್ಮೆ ತೂಕಕ್ಕೆ ಪರಿವರ್ತಿಸಿಕೊಂಡಿದ್ದೇನೆ, ಹಾಗೆ ತಪ್ಪು ಕಡಿಮೆ. ಸಂಜೆ 6ಕ್ಕೆ ಹೊಯ್ಯುವುದು, 24 ಗಂಟೆ ಮುಚ್ಚಿಡುವುದು, ಮೇಲ್ಮೈಯನ್ನು 400ರ ಉಪ್ಪುಕಾಗದದಲ್ಲಿ ತುಸು ಉಜ್ಜಿ ಮುಂದಿನದು. ಪ್ರೊಪೆಲ್ಲರ್ ಎರಡನೇ ಪದರಕ್ಕೆ ಮುಚ್ಚಿಹೋಯಿತು. ಮುಚ್ಚುವ ಮುಂಚೆ ಹದಿನೈದು ಫೋಟೊ ತೆಗೆದೆ. ಎಲ್ಇಡಿ ವೈರು ಕಿತ್ತೆ, ಕಿಟಕಿಗಳಿಗೆ ಪುಟ್ಟಿ.

ಇಲ್ಲೊಂದು ಅಡ್ಡದಾರಿ. ಆ ಕಿತ್ತ ಎಲ್ಇಡಿಗಳು ವ್ಯರ್ಥವಾಗುವುದಿಲ್ಲ, ಮುಂದಿನ ಪ್ರಾಜೆಕ್ಟ್ ರೆಡಿ ಇದೆ: ನಮ್ಮ ಬೀಚಿನಲ್ಲೇ ಮ್ಯೂಸಿಯಂ ಆಗಿ ನಿಂತಿರುವ ಮಿಸೈಲ್ ದೋಣಿ ಐಎನ್ಎಸ್ ಚಪಲ್, 1:72ರಲ್ಲಿ. ಡ್ರಾಯಿಂಗ್ ಸಿಗದಿದ್ದರೆ ಟೇಪು ಹಿಡಿದು ಹೋಗಿ ಅಳೆದರಾಯಿತು, ಇಂಥ ಭಾಗ್ಯ ಎಷ್ಟು ಜನಕ್ಕಿದೆ! ಅದು 1971ರಲ್ಲಿ ಕರಾಚಿಗೆ ಹೋಗಿತ್ತು ಅಂತ ಊರಲ್ಲಿ ಎಷ್ಟೋ ಜನ ನಂಬಿದ್ದಾರೆ. ಇಲ್ಲ. ಅದು ಬಂದದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೊಡೆದದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಹಳೇ ಮಿಸೈಲ್ ದೋಣಿಗಳು. ಗುರುತಿಸುವುದು ಸುಲಭ, ಅವುಗಳ ಮಿಸೈಲ್ ಗೂಡುಗಳು ಪೆಟ್ಟಿಗೆಯ ಆಕಾರ, ಚಪಲ್‌ನವು ದುಂಡನೆಯ ಕೊಳವೆ. ಕೊಳವೆಗೆ ಪಿವಿಸಿ ಪೈಪು ನೋಡಿಟ್ಟಿದ್ದೇನೆ. ಸರಿ, ಖುಕ್ರಿಗೆ ವಾಪಸ್.

ಮನುಷ್ಯರ ವಿಷಯ. 1:200ರಲ್ಲಿ ಒಬ್ಬ ಮನುಷ್ಯ 9 ಮಿಲಿಮೀಟರ್ ಕೂಡ ಇರುವುದಿಲ್ಲ. ಡೆಕ್ ತುಂಬ ಜನ ಇಡುವ ಆಸೆಯಿತ್ತು, ಆನ್‌ಲೈನಿನಲ್ಲಿ ತರಿಸಿದ 100 ಗೊಂಬೆಗಳಲ್ಲಿ 60ಕ್ಕೆ ಟೋಪಿ, ಕೋಟು, ಕೈಯಲ್ಲಿ ಸೂಟ್‌ಕೇಸ್. ರೈಲ್ವೆ ಪ್ಲಾಟ್‌ಫಾರ್ಮಿನವು. ಸಪ್ಲೈಯರ್ ಉತ್ತರ ನೀವೇ ಊಹಿಸಿ. ಹೇಗೂ ಕತ್ತಲಲ್ಲಿ ಡೆಕ್ ಮೇಲೆ ಯಾರೂ ಅಡ್ಡಾಡುತ್ತಿರಲಿಲ್ಲ ಅಂತ ಬಿಟ್ಟೆ. ಒಂದನ್ನು ಮಾತ್ರ ಇಟ್ಟುಕೊಂಡು ಸೂಟ್‌ಕೇಸ್ ಕತ್ತರಿಸಿ, ಟೋಪಿ ಉಜ್ಜಿ, ಬಿಳಿ ಬಳಿದೆ. ಬ್ರಿಡ್ಜಿಗೆ. ಅದನ್ನು ಕೂರಿಸಲು ಮೊನ್ನೆ ಮಾವನಿಗೇ ಚಿಮಟ ಕೊಟ್ಟೆ. ಕೈ ನಡುಗುತ್ತದೆ ಬೇಡ ಅಂದರು. ನಿಜಕ್ಕೂ ನಡುಗುತ್ತಿತ್ತು, ವಯಸ್ಸು. ಎರಡು ಸಲ ಬಿತ್ತು, ಒಂದು ಸಲ ನೆಲದ ಮೇಲೆ, ಟಾರ್ಚ್ ಹಿಡಿದು ಮಂಡಿಯೂರಿ ಹುಡುಕಿದೆವು. ಮೂರನೇ ಸಲ ನಿಂತಿತು. ಅಂಟು ಒಣಗುವ ತನಕ ಚಿಮಟ ಬಿಡಲೇ ಇಲ್ಲ ಅವರು. ಸೂಪರ್ ಗ್ಲೂ ಮಾವ, ಹತ್ತು ಸೆಕೆಂಡ್ ಸಾಕು ಅಂದರೂ.

ಗೊಂಬೆ ಚೂರು ಎಡಕ್ಕೆ ವಾಲಿದೆ. ಸರಿ ಮಾಡುವುದಿಲ್ಲ.

ಏಳನೇ ಪದರ ಇವತ್ತು ಸಂಜೆ, ಎಂಟನೆಯದು ನಾಳೆ, ಆಮೇಲೆ ಅಲೆಗೆ ಅಕ್ರಿಲಿಕ್ ಜೆಲ್, ಚಪ್ಪಟೆ ಬ್ರಷ್ಷಿನಲ್ಲಿ ಕುಟ್ಟಿ ಕುಟ್ಟಿ. ನೊರೆ ಮೂತಿಯ ಹತ್ತಿರ ಗೆರೆಯಷ್ಟೇ. ಗಾಜಿನ ಮುಚ್ಚಳಕ್ಕೆ ಆರ್ಡರ್ ಕೊಟ್ಟಿದ್ದೇನೆ. "ಡಿಸೆಂಬರ್ 9ರೊಳಗೆ ಬೇಕು" ಅಂದಾಗ ಅಂಗಡಿಯವನು "ಗೃಹಪ್ರವೇಶವಾ?" ಅಂತ ಕೇಳಿದ. ಹೂಂ ಅಂದೆ, ಹಾಗಾದರೂ ಸಮಯಕ್ಕೆ ಕೊಡಲಿ ಅಂತ. ಅತ್ತೆ ಬೆಳಿಗ್ಗೆಯಿಂದ ಎರಡು ಸಲ ತಕ್ಕಡಿ ಕೇಳಿದ್ದಾರೆ. ಅದರ ತಟ್ಟೆಯ ಮೇಲೆ ಬಿದ್ದ ಕಪ್ಪು ರೆಸಿನ್ ಹೇಗೆ ತೆಗೆಯುವುದು ಅಂತ ಯಾರಿಗಾದರೂ ಗೊತ್ತಿದ್ದರೆ ಬೇಗ ಹೇಳಿ.