ಸೆಗೋವಿಯಾದ ನೀರಿನ ಟಂಕಸಾಲೆ: ಹೋಗುವವರು ತಿಳಿದಿರಬೇಕಾದದ್ದು

ಮ್ಯಾಡ್ರಿಡ್‌ನಿಂದ ಸೆಗೋವಿಯಾಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರುವವರು ಸಾಮಾನ್ಯವಾಗಿ ರೋಮನ್ನರು ಕಮಾನುಗಳ ಮೇಲೆ ಕಟ್ಟಿದ ಮೇಲ್ಗಾಲುವೆ, ಕೆಥೆಡ್ರಲ್, ಅಲ್ಕಾಸರ್ ಕೋಟೆ ಇಷ್ಟನ್ನೇ ನೋಡಿ ವಾಪಸ್ ರೈಲು ಹತ್ತುತ್ತಾರೆ. ಕೋಟೆಯ ಗುಡ್ಡದ ಕೆಳಗೆ, ಎರೆಸ್ಮಾ ನದಿಯ ದಡದಲ್ಲೇ ಇರುವ, ನೀರಿನ ಬಲದಿಂದ ನಾಣ್ಯ ಅಚ್ಚೊತ್ತುತ್ತಿದ್ದ ಹಳೆಯ ಟಂಕಸಾಲೆ ಅವರ ಪಟ್ಟಿಯಲ್ಲಿ ಇರುವುದೇ ಇಲ್ಲ. ಯಂತ್ರ, ನಾಣ್ಯ, ನೀರಿನ ಶಕ್ತಿ ಇವುಗಳಲ್ಲಿ ಯಾವುದರ ಬಗ್ಗೆ ಆಸಕ್ತಿ ಇದ್ದರೂ ಅರ್ಧ ದಿನ ಇದಕ್ಕೇ ಮೀಸಲಿಡಿ. ಕೆಥೆಡ್ರಲ್ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಮ್ಯಾಡ್ರಿಡ್‌ನ ಚಮಾರ್ತಿನ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಇಳಿಯಬೇಕಾದ ನಿಲ್ದಾಣದ ಹೆಸರು ಸೆಗೋವಿಯಾ ಗಿಯೋಮಾರ್. ಅದು ಊರಾಚೆ ಬಯಲಿನಲ್ಲಿದೆ, ನಡೆದು ಹೋಗುವ ದೂರವಲ್ಲ. ಹೊರಗೆ ಬಂದ ತಕ್ಷಣ 11ನೇ ನಂಬರ್ ಬಸ್ ಹತ್ತಿದರೆ ಮೇಲ್ಗಾಲುವೆಯ ಬುಡಕ್ಕೆ ಬಿಡುತ್ತದೆ. ಈ ಬಸ್ಸು ರೈಲಿನ ಸಮಯಕ್ಕೆ ಹೊಂದಿಕೊಂಡು ಓಡುವುದರಿಂದ, ಫೋಟೊ ತೆಗೆಯುತ್ತಾ ನಿಂತರೆ ಮುಂದಿನ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾದೀತು. ಮ್ಯಾಡ್ರಿಡ್‌ನ ಮೊಂಕ್ಲೋವಾದಿಂದ ಬಸ್ಸೂ ಇದೆ. ಒಂದೂಕಾಲು ಗಂಟೆ ಹಿಡಿಯುತ್ತದೆ, ಆದರೆ ಊರೊಳಗೇ ಇಳಿಸುತ್ತದೆ, ಖರ್ಚೂ ಕಡಿಮೆ. ರೈಲಿಗೆ ಮುಂಗಡ ಟಿಕೆಟ್ ಸಿಗದಿದ್ದರೆ ಬಸ್ಸೇ ಸರಿ.

ಊರು ಗುಡ್ಡದ ಮೇಲಿದೆ, ಟಂಕಸಾಲೆ ಕಣಿವೆಯಲ್ಲಿದೆ. ಹಾಗಾಗಿ ಮೇಲಿನದನ್ನೆಲ್ಲ ಮೊದಲು ಮುಗಿಸಿ. ಅಲ್ಕಾಸರ್ ನೋಡಿದ ಮೇಲೆ ಊರಗೋಡೆಯ ಸಾಂತಿಯಾಗೊ ಬಾಗಿಲ ಕಡೆಯಿಂದ ನದಿಗೆ ಇಳಿಯಿರಿ. ಇಳಿಜಾರು ಕಡಿದಾಗಿದೆ, ಮಳೆ ಬಂದರೆ ಹಾಸುಗಲ್ಲು ಜಾರುತ್ತದೆ, ಚಪ್ಪಲಿಯಲ್ಲಿ ಹೋಗಬೇಡಿ. ಮಂಡಿನೋವು ಇರುವ ಹಿರಿಯರು ಜೊತೆಗಿದ್ದರೆ ಇಳಿಯುವುದಕ್ಕೂ ಹತ್ತುವುದಕ್ಕೂ ಟ್ಯಾಕ್ಸಿ ಮಾಡುವುದು ಒಳ್ಳೆಯದು.

ಬಂದವರು ಸೀದಾ ಟಿಕೆಟ್ ಕೌಂಟರಿಗೆ ಹೋಗುತ್ತಾರೆ. ಅದಕ್ಕಿಂತ ಮೊದಲು ನದಿಯ ಕಡೆಗೆ ಹೋಗಿ ಒಡ್ಡು, ಪಕ್ಕದ ಕಾಲುವೆ, ಗೋಡೆಯ ಹೊರಗಿನ ಮರದ ಚಕ್ರಗಳನ್ನು ನೋಡಿ. ನದಿಗೆ ಅಡ್ಡ ಕಟ್ಟಿದ ಒಡ್ಡು ನೀರಿನ ಮಟ್ಟ ಏರಿಸುತ್ತದೆ, ಕಾಲುವೆ ಆ ನೀರನ್ನು ಕಟ್ಟಡದ ಪಕ್ಕಕ್ಕೆ ತರುತ್ತದೆ. ಚಕ್ರ ಹೊರಗಿದ್ದರೂ ಅದರ ಅಚ್ಚುಮರ ಗೋಡೆ ತೂರಿ ಒಳಗಿನ ಯಂತ್ರಶಾಲೆಗೆ ಹೋಗುತ್ತದೆ. ಒಳಗೆ ಮರದ ಹಲ್ಲುಚಕ್ರಗಳು ಆ ತಿರುಗಾಟವನ್ನು ಎರಡು ಉಕ್ಕಿನ ರೋಲರ್‌ಗಳಿಗೆ ದಾಟಿಸುತ್ತವೆ. ಇಷ್ಟು ಹೊರಗಿನಿಂದ ಅರ್ಥವಾದರೆ ಒಳಗಿನ ಪ್ರತಿ ಕೋಣೆ ಯಾಕೆ ಅಲ್ಲೇ ಇದೆ ಎನ್ನುವುದು ತಾನಾಗಿ ತಿಳಿಯುತ್ತದೆ.

ಕಟ್ಟಿಸಿದವನು ದೊರೆ ಎರಡನೆಯ ಫಿಲಿಪ್, ನಕ್ಷೆ ಎಲ್ ಎಸ್ಕೋರಿಯಲ್ ಅರಮನೆ-ಮಠದ ಖ್ಯಾತಿಯ ವಾಸ್ತುಶಿಲ್ಪಿ ಹುವಾನ್ ದೆ ಎರ್ರೇರಾನದು. 1583ರಲ್ಲಿ ಇಲ್ಲಿದ್ದ ಹಳೆಯ ಗಿರಣಿಯನ್ನು ಕೊಂಡು ಕೆಲಸ ಶುರು ಮಾಡಿದರು. ಯಂತ್ರಗಳು ಬಂದದ್ದು ಆಸ್ಟ್ರಿಯಾದ ಟಿರೋಲ್‌ನಿಂದ. ಆಲ್ಪ್ಸ್ ದಾಟಿ ಜಿನೋವಾಕ್ಕೆ, ಅಲ್ಲಿಂದ ಹಡಗಿನಲ್ಲಿ ಬಾರ್ಸಿಲೋನಾಕ್ಕೆ, ಆಮೇಲೆ ಗಾಡಿಗಳಲ್ಲಿ ಸೆಗೋವಿಯಾಕ್ಕೆ. ನಡೆಸಲು ಬೇಕಾದ ಕುಶಲಕರ್ಮಿಗಳೂ ಟಿರೋಲ್‌ನಿಂದಲೇ ಬಂದರು. 1586ರಲ್ಲಿ ನಾಣ್ಯ ಹೊರಬಿತ್ತು. ಆಗ ಸ್ಪೇನಿನ ಇತರ ಟಂಕಸಾಲೆಗಳಲ್ಲೂ, ನಮ್ಮ ವಿಜಯನಗರದ ವರಾಹಗಳಲ್ಲೂ ಅಚ್ಚು ಮೂಡುತ್ತಿದ್ದದ್ದು ಸುತ್ತಿಗೆಯ ಏಟಿನಿಂದ.

ಕೆಲಸದ ಕ್ರಮ ಗೊತ್ತಿದ್ದರೆ ಒಳಗೆ ಮಜಾ ಹೆಚ್ಚು. ಬೆಳ್ಳಿಯನ್ನು ಮೂಸೆಯಲ್ಲಿ ಕರಗಿಸಿ ಉದ್ದನೆಯ ಗಟ್ಟಿಗಳಾಗಿ ಎರೆಯುತ್ತಿದ್ದರು. ಗಟ್ಟಿ ರೋಲರ್‌ಗಳ ನಡುವೆ ಹಲವು ಸಲ ಹಾಯ್ದು ತೆಳ್ಳನೆಯ ಪಟ್ಟಿಯಾಗಬೇಕು. ಪ್ರತಿ ಸಲ ಒತ್ತಿದಾಗಲೂ ಬೆಳ್ಳಿ ಬಿರುಸಾಗುತ್ತದೆ. ನಡುನಡುವೆ ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡದಿದ್ದರೆ ಪಟ್ಟಿಯ ಅಂಚು ಸೀಳಿ ಬಿಡುತ್ತದೆ. ದಪ್ಪ ಸರಿಯಾದ ಮೇಲೆ ಪಟ್ಟಿ ಇನ್ನೊಂದು ಜೋಡಿ ರೋಲರ್‌ಗೆ ಹೋಗುತ್ತದೆ. ಇವುಗಳ ಮೈಮೇಲೆ ನಾಣ್ಯದ ಅಚ್ಚುಗಳನ್ನು ಸಾಲಾಗಿ ಕೊರೆದಿರುತ್ತಾರೆ, ಮೇಲಿನದರಲ್ಲಿ ಒಂದು ಮುಖ, ಕೆಳಗಿನದರಲ್ಲಿ ಇನ್ನೊಂದು. ಎರಡೂ ಕೂದಲೆಳೆಯಷ್ಟು ಆಚೀಚೆಯಾದರೂ ಮುಖಗಳು ಹೊಂದುವುದಿಲ್ಲ. ಒತ್ತಡಕ್ಕೆ ಪಟ್ಟಿ ಉದ್ದಕ್ಕೆ ಹಿಗ್ಗುವುದರಿಂದ, ನಾಣ್ಯ ದುಂಡಗೆ ಬರಲಿ ಎಂದು ಅಚ್ಚನ್ನೇ ತುಸು ಅಂಡಾಕಾರವಾಗಿ ಕೊರೆಯಬೇಕಿತ್ತು. ಒಂದು ಅಚ್ಚು ಬಿರುಕುಬಿಟ್ಟರೆ ಇಡೀ ರೋಲರ್ ಕೆಲಸ ಕೆಡುತ್ತದೆ. ಕೊನೆಗೆ ಬಿಲ್ಲೆಗಳನ್ನು ಕತ್ತರಿಸಿ ತೆಗೆದು, ಉಳಿದ ಜಾಲರಿಯಂಥ ಪಟ್ಟಿ ಮತ್ತೆ ಮೂಸೆಗೆ. 18ನೇ ಶತಮಾನದಲ್ಲಿ ಅಚ್ಚೊತ್ತುವ ಕೆಲಸಕ್ಕೆ ತಿರುಪಿನ ಪ್ರೆಸ್ ಬಂತು.

ಇಷ್ಟೆಲ್ಲ ಯಾಕೆ ಎಂದರೆ, ಸುತ್ತಿಗೆಯ ನಾಣ್ಯದ ಅಂಚು ಅಂಕುಡೊಂಕು. ಅಂಚನ್ನು ಚೂರು ಕತ್ತರಿಸಿ ಬೆಳ್ಳಿ ಕದ್ದರೂ ಕಾಣುವುದಿಲ್ಲ. ದುಂಡಗಿನ, ಒಂದೇ ದಪ್ಪದ ನಾಣ್ಯದಲ್ಲಿ ಆ ಕಳ್ಳತನ ಎದ್ದು ಕಾಣುತ್ತದೆ. ರಿಯಾಲ್ ಎಂದರೆ ಆಗಿನ ಸ್ಪೇನಿನ ಹಣ. ಸುಮಾರು 230 ಗ್ರಾಂನ ಒಂದು ಮಾರ್ಕ್ ಬೆಳ್ಳಿಗೆ 67 ರಿಯಾಲ್ ಎಂಬ ಲೆಕ್ಕ, ಅಂದರೆ 8 ರಿಯಾಲ್‌ನ ನಾಣ್ಯ ಸುಮಾರು 27.5 ಗ್ರಾಂ. ಇಲ್ಲಿನ ನಾಣ್ಯ ಕಣ್ಣಿಗೆ ಬಿದ್ದಾಗ ಲಾಂಛನದ ಪಕ್ಕವನ್ನು ಹತ್ತಿರದಿಂದ ನೋಡಿ: ಪುಟ್ಟ ಕಮಾನುಗಳ ಒಂದು ಗುರುತು ಇರುತ್ತದೆ. ಬೆಳಿಗ್ಗೆ ನೋಡಿದ ಮೇಲ್ಗಾಲುವೆಯೇ ಅದು, ಸೆಗೋವಿಯಾದ ಟಂಕಸಾಲೆ ಮುದ್ರೆ. 50 ರಿಯಾಲ್‌ನ ಬೆಳ್ಳಿ ನಾಣ್ಯ ಅಂಗೈ ತುಂಬುವಷ್ಟು ದೊಡ್ಡದು, ಅಡ್ಡಳತೆ ಏಳು ಸೆಂಟಿಮೀಟರ್‌ಗೂ ಹೆಚ್ಚು.

ನಾಣ್ಯದ ಕೆಲಸ 1860ರ ದಶಕದ ಕೊನೆಗೆ ನಿಂತು, ಮುಂದೆ ನೂರು ವರ್ಷದ ಹತ್ತಿರ ಇದು ಹಿಟ್ಟಿನ ಗಿರಣಿಯಾಗಿತ್ತು. ಆಮೇಲೆ ಪಾಳು ಬಿದ್ದದ್ದನ್ನು 2007ರಿಂದ 2011ರ ನಡುವೆ ದುರಸ್ತಿ ಮಾಡಿದರು. ಈಗ ಕಾಣುವ ಮರದ ಚಕ್ರಗಳು ಹೊಸದಾಗಿ ಮಾಡಿದವು, ಮೂಲದವಲ್ಲ. ಮೇಲ್ಗಾಲುವೆಯನ್ನು ವಿವರಿಸುವ ಕೇಂದ್ರವೂ ಇದೇ ಕಟ್ಟಡದಲ್ಲಿದೆ, ಅದನ್ನೂ ನೋಡಿ. ಚಕ್ರ ತಿರುಗುವುದನ್ನು ನೋಡಬೇಕೆಂದಿದ್ದರೆ ವಸಂತದಲ್ಲಿ ಹೋಗುವುದು ಮೇಲು. ಗ್ವಾದರ್ರಾಮ ಬೆಟ್ಟದಿಂದ ಬರುವ ನದಿ ಬೇಸಿಗೆಯ ಕೊನೆಗೆ ಸೊರಗುತ್ತದೆ. ಪ್ರವಾಹ ಬಂದರೂ ಕಷ್ಟವೇ: ಕೆಳಗಿನ ನೀರು ಏರಿ ಚಕ್ರದ ಹಲಗೆಗಳು ಮುಳುಗಿದರೆ ಅದು ತಡವರಿಸುತ್ತದೆ.

ಸ್ಪೇನಿನಲ್ಲಿ ಅನೇಕ ಮ್ಯೂಸಿಯಂಗಳು ಸೋಮವಾರ ಮುಚ್ಚಿರುತ್ತವೆ, ಭಾನುವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುವುದೂ ಉಂಟು. ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ದಿನ ಖಚಿತ ಮಾಡಿಕೊಂಡೇ ಹೊರಡಿ.

ಮುಗಿದ ಮೇಲೆ ಸೇತುವೆ ದಾಟಿದರೆ ಎಲ್ ಪರಾಲ್ ಮಠ. ನೀರು ಹರಿಯುವ ದಿಕ್ಕಿನಲ್ಲೇ ನಡೆದರೆ ಅಲ್ಕಾಸರ್ ನೆತ್ತಿಯ ಮೇಲೆ ಬರುತ್ತದೆ. ಹನ್ನೆರಡು ಮುಖದ ವೆರಾ ಕ್ರೂಸ್ ಚರ್ಚೂ ಅದೇ ಕಡೆ. ಕೋಟೆಯ ಒಳ್ಳೆಯ ಫೋಟೊ ಸಿಗುವುದು ಈ ಕೆಳಗಿನ ಹುಲ್ಲುಗಾವಲಿನಿಂದ, ಮೇಲಿನಿಂದಲ್ಲ.

ಸಸ್ಯಾಹಾರಿಗಳು ಎಚ್ಚರ. ಊರಿನ ಹೆಸರಾಂತ ಅಡುಗೆ ಹುರಿದ ಹಂದಿಮರಿ. ದೊಡ್ಡ ಬಿಳಿಕಾಳಿನ ಸಾರು, ಬೆಳ್ಳುಳ್ಳಿ ಸೂಪಿನಲ್ಲೂ ಹಂದಿಮಾಂಸ ಸೇರಿರುತ್ತದೆ. 'ಸಿನ್ ಕಾರ್ನೆ' (ಮಾಂಸ ಬೇಡ) ಎಂದರಷ್ಟೇ ಸಾಲದು, ಹ್ಯಾಮ್ ಕೂಡ ಬೇಡವೆನ್ನಲು 'ಸಿನ್ ಹಮೋನ್' ಎಂದೂ ಹೇಳಿ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ಆಮ್ಲೆಟ್, ಅಂದರೆ ತೋರ್ತಿಯಾ, ಎಲ್ಲೆಡೆ ಸಿಗುತ್ತದೆ. ನದಿದಡದಲ್ಲಿ ಊಟ ಸಿಕ್ಕೀತೆಂದು ನಂಬಿಕೊಳ್ಳದೆ ಮೇಲಿಂದಲೇ ಬುತ್ತಿ ಕಟ್ಟಿಕೊಂಡು ಹೋದರೆ ನಿಶ್ಚಿಂತೆ.

ಇನ್ನೂ ಆಸಕ್ತಿ ಇದ್ದು ಆಸ್ಟ್ರಿಯಾಕ್ಕೂ ಹೋಗುವವರಾದರೆ, ಟಿರೋಲ್‌ನ ಇನ್ಸ್‌ಬ್ರುಕ್ ಪಕ್ಕದ ಹಾಲ್ ಊರಿನ ಟಂಕಸಾಲೆ ಮ್ಯೂಸಿಯಂನಲ್ಲಿ ಇದೇ ಬಗೆಯ ರೋಲರ್ ಯಂತ್ರವನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಎರಡೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ ಸಾಕು, ಆದರೆ ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಲಿ.